ಎಟಿಆರ್ ಅಲುಗಾಡುತ್ತೆ, ಏರ್‌ಬಸ್ ಅಷ್ಟು ಅಲುಗಾಡಲ್ಲ: ಇದು ರೆಕ್ಕೆಯ ಕೆಲಸವೇ?

ಪ್ರಶ್ನೆ (ಹುಬ್ಬಳ್ಳಿಯಿಂದ): ನಮಸ್ಕಾರ ಮೇಡಂ. ಆಷಾಢದಾಗ ಬೆಂಗಳೂರಿಂದ ಹುಬ್ಬಳ್ಳಿಗೆ ಎಟಿಆರ್‌ನಾಗ (ಪಂಖ ಇರೋ ಸಣ್ಣ ವಿಮಾನ) ಬಂದೆ, ದಾರಿ ತುಂಬಾ ಅಲುಗಾಡಿಸ್ಕೋತ ಬಂತು. ಏರ್‌ಬಸ್‌ನಾಗ ಹಿಂಗ ಆಗಿದ್ದಿಲ್ಲ. ಎಟಿಆರ್‌ನ ರೆಕ್ಕಿ ಮ್ಯಾಲೆ ಐತಿ, ನೆಟ್ಟಗೈತಿ. ಏರ್‌ಬಸ್‌ದು ಕೆಳಗೈತಿ, ತುದಿ ಮ್ಯಾಲೆ ಎತ್ತೈತಿ. ಯಲಹಂಕದ ಏರ್ ಶೋದಾಗ ನೋಡಿದ ದೊಡ್ಡ ಸರಕು ವಿಮಾನ ಸಿ-17ರ ರೆಕ್ಕಿ ಮ್ಯಾಲಿದ್ದು, ತುದಿ ಕೆಳಗ ಇಳಿದಿತ್ತು. ಇದರಾಗ ಯಾವುದು ಜಾಸ್ತಿ ಸ್ಥಿರ? ಎಟಿಆರ್ ಸ್ಥಿರ ಇಲ್ಲ ಅಂತ ನಮ್ಮ ಮಾವ ಹೇಳ್ತಾರ. ಖರೇನಾ?

ಉತ್ತರ (ನಿವೃತ್ತ ವಿಮಾನ ವಿನ್ಯಾಸ ಎಂಜಿನಿಯರ್, ಬೆಂಗಳೂರು): ನಿಮ್ಮ ಮಾವ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಗಂಟಿಗೆ ಕಟ್ಟಿದ್ದಾರೆ. ಗಾಳಿ ಹೊಡೆದು ವಿಮಾನ ವಾಲಿದಾಗಲೋ ಮೂಗು ಎತ್ತಿದಾಗಲೋ, ಪೈಲಟ್ ಕೈ ಹಾಕದೆಯೂ ಅದು ಮೊದಲಿನ ಸ್ಥಿತಿಗೆ ಮರಳಲು ಹೊರಟರೆ ಅದನ್ನು ಸ್ಥಿರ ಅನ್ನುತ್ತೇವೆ. ಎಟಿಆರ್ ಈ ಲೆಕ್ಕದಲ್ಲಿ ಚೆನ್ನಾಗಿಯೇ ಸ್ಥಿರ. ಗಾಳಿ ಹೊಡೆದಾಗ ಎಷ್ಟು ಜೋರಾಗಿ ಕುಲುಕುತ್ತದೆ ಅನ್ನುವುದು ಬೇರೆ ಲೆಕ್ಕ.

ಎಟಿಆರ್ 72ರ ಗರಿಷ್ಠ ತೂಕ ಸುಮಾರು 23 ಟನ್, ರೆಕ್ಕೆಯ ವಿಸ್ತೀರ್ಣ 61 ಚದರ ಮೀಟರ್. ಅಂದರೆ ಪ್ರತಿ ಚದರ ಮೀಟರ್ ರೆಕ್ಕೆ ಹೊರುವುದು 380 ಕಿಲೋದ ಆಸುಪಾಸು. ಏರ್‌ಬಸ್ ಎ320ರದ್ದು ಸುಮಾರು 78 ಟನ್, 122 ಚದರ ಮೀಟರ್. 640 ಕಿಲೋ ಹತ್ತಿರ. ಕಡಿಮೆ ಹೊರೆ ಇರುವ ರೆಕ್ಕೆಯನ್ನು ಕೆಳಗಿನಿಂದ ನುಗ್ಗಿದ ಗಾಳಿ ಸುಲಭವಾಗಿ ಎತ್ತಿ ಹಾಕುತ್ತದೆ. ಸಾಲದ್ದಕ್ಕೆ ಎಟಿಆರ್‌ನ ರೆಕ್ಕೆ ಉದ್ದ, ಸಪೂರ, ನೇರ. ಅಂಥ ರೆಕ್ಕೆ ಗಾಳಿಯ ಕೋನ ಚೂರು ಬದಲಾದರೂ ಎತ್ತುವ ಬಲವನ್ನು ಗಬಕ್ಕನೆ ಏರಿಸಿಕೊಳ್ಳುತ್ತದೆ. ಹಿಂದಕ್ಕೆ ಓರೆಯಾಗಿರುವ ಏರ್‌ಬಸ್ ರೆಕ್ಕೆ ಅಷ್ಟು ಚುರುಕಲ್ಲ. ಇನ್ನು ಬೆಂಗಳೂರು-ಹುಬ್ಬಳ್ಳಿಯಂಥ ಸಣ್ಣ ದಾರಿಯಲ್ಲಿ ಎಟಿಆರ್ ಮಳೆಮೋಡದ ಪದರದೊಳಗೇ ಹಾರಬೇಕು. ದೂರ ಹೋಗುವ ಜೆಟ್ ಅದನ್ನು ದಾಟಿ 10 ಕಿ.ಮೀ. ಎತ್ತರಕ್ಕೆ ಏರಿಬಿಡುತ್ತದೆ. ಆಷಾಢದ ಗಾಳಿಗೆ ರೆಕ್ಕೆಯನ್ನೊಂದನ್ನೇ ಬೈದು ಪ್ರಯೋಜನವಿಲ್ಲ.

ನಿಮ್ಮ ನಿಜವಾದ ಪ್ರಶ್ನೆ ತುದಿಯದು. ತುದಿ ಮೇಲೆ ಎತ್ತಿದ್ದರೆ ಡೈಹೆಡ್ರಲ್, ಕೆಳಗೆ ಇಳಿದಿದ್ದರೆ ಆನ್‌ಹೆಡ್ರಲ್. ವಿಮಾನ ಎಡಕ್ಕೆ ವಾಲಿತು ಅನ್ನಿ. ವಾಲಿದ ಕೂಡಲೇ ಅದು ಎಡಕ್ಕೆ ಜಾರತೊಡಗುತ್ತದೆ, ಎಡಗಡೆಯಿಂದ ಗಾಳಿ ಬೀಸಿದ ಹಾಗಾಗುತ್ತದೆ. ತುದಿ ಎತ್ತಿರುವುದರಿಂದ ಎಡ ರೆಕ್ಕೆಗೆ ಆ ಗಾಳಿ ಸ್ವಲ್ಪ ಅಡಿಯಿಂದ ತಾಗುತ್ತದೆ, ಬಲ ರೆಕ್ಕೆಗೆ ಸ್ವಲ್ಪ ಮೇಲಿನಿಂದ. ಎಡಗಡೆ ಎತ್ತುವ ಬಲ ಹೆಚ್ಚಿ, ವಿಮಾನ ನೆಟ್ಟಗಾಗಲು ಹೊರಡುತ್ತದೆ. ಗಮನಿಸಿ, ವಾಲಿದ್ದು ರೆಕ್ಕೆಗೆ ಗೊತ್ತಾಗುವುದಿಲ್ಲ, ಜಾರಿದ್ದು ಗೊತ್ತಾಗುತ್ತದೆ.

ಮತ್ತೊಬ್ಬ ಸದಸ್ಯರು: ಆದ್ರೆ ಮೇಡಂ, ರೆಕ್ಕೆ ಮೇಲಿದ್ರೆ ಭಾರವೆಲ್ಲ ಕೆಳಗೆ ತೂಗುತ್ತೆ, ಲೋಲಕದ ಥರ ತಾನೇ ನೆಟ್ಟಗಾಗುತ್ತೆ ಅಂತ ಕಾಲೇಜಲ್ಲಿ ಹೇಳಿಕೊಟ್ಟಿದ್ರು.

ಉತ್ತರ: ತುಂಬ ಜನ ಹಾಗೇ ಹೇಳಿಕೊಡುತ್ತಾರೆ. ಲೋಲಕಕ್ಕೆ ಮೇಲೆ ಕಟ್ಟಿದ ಗೂಟ ಇರುತ್ತದೆ, ವಿಮಾನಕ್ಕೆ ಇಲ್ಲ. ತೂಕ ಗುರುತ್ವ ಕೇಂದ್ರದ ಮೂಲಕವೇ ಹಾಯುವುದರಿಂದ ಅದು ವಿಮಾನವನ್ನು ತಿರುಗಿಸಲಾರದು. ಎತ್ತುವ ಬಲವೋ, ವಿಮಾನದ ಜೊತೆಗೇ ವಾಲಿಬಿಡುತ್ತದೆ.

ಆದರೂ ಮೇಲ್‌ರೆಕ್ಕೆ ಪಕ್ಕದ ಸ್ಥಿರತೆಗೆ ನೆರವಾಗುವುದು ನಿಜ, ಕಾರಣ ಮಾತ್ರ ಬೇರೆ. ಪಕ್ಕದಿಂದ ಬಂದ ಗಾಳಿ ದುಂಡಗಿನ ಒಡಲನ್ನು ಬಳಸಿ ಹೋಗಬೇಕು. ಗಾಳಿ ಬರುವ ಬದಿಯಲ್ಲಿ, ಒಡಲಿನ ಮೇಲ್ಭಾಗದ ಹತ್ತಿರ ಅದು ಮೇಲಕ್ಕೆ ಹರಿಯುತ್ತದೆ. ರೆಕ್ಕೆಯ ಬುಡ ಅಲ್ಲಿದ್ದರೆ ಆ ಬದಿಗೆ ಬಲ ಹೆಚ್ಚುತ್ತದೆ. ರೆಕ್ಕೆ ಕೆಳಗಿದ್ದರೆ ಉಲ್ಟಾ, ಅಲ್ಲಿ ಗಾಳಿ ಕೆಳಕ್ಕೆ ಹರಿಯುತ್ತದೆ. ಹಾಗಾಗಿ ಕೆಳರೆಕ್ಕೆಯ ಎ320ಕ್ಕೆ ಸುಮಾರು 5 ಡಿಗ್ರಿ ಡೈಹೆಡ್ರಲ್ ಕೊಟ್ಟು ಕಳೆದದ್ದನ್ನು ತುಂಬಿಸಿದ್ದಾರೆ. ಎಟಿಆರ್‌ಗೆ ಅಷ್ಟು ಬೇಕಿಲ್ಲ.

ರೆಕ್ಕೆ ಹಿಂದಕ್ಕೆ ಓರೆಯಾಗಿದ್ದರೂ ಇದೇ ಪರಿಣಾಮ ಬರುತ್ತದೆ: ಜಾರುವಾಗ ಗಾಳಿಯ ಕಡೆಯ ರೆಕ್ಕೆ ಗಾಳಿಗೆ ಹೆಚ್ಚು ಎದುರಾಗಿ ನಿಲ್ಲುತ್ತದೆ, ಇನ್ನೊಂದು ಮತ್ತಷ್ಟು ಓರೆಯಾಗುತ್ತದೆ. ಸಿ-17ಕ್ಕೆ ರೆಕ್ಕೆ ಮೇಲೂ ಇದೆ, ಓರೆಯೂ ಇದೆ. ಎರಡೂ ಸೇರಿ ಅತಿಯಾಗುತ್ತದೆ, ಅದನ್ನು ಕಳೆಯಲೆಂದೇ ತುದಿ ಕೆಳಗಿಳಿಸಿದ್ದಾರೆ. ನಮ್ಮ ವಾಯುಪಡೆಯ ಸರಕು ವಿಮಾನ ಐಎಲ್-76 ಕೂಡ ಹಾಗೇ.

ಪ್ರಶ್ನೆ: ಸ್ಥಿರತೆ ಅತಿಯಾದ್ರೆ ಕಷ್ಟ ಏನು? ಒಳ್ಳೇದೇ ಅಲ್ವಾ?

ಉತ್ತರ: ನಾನು ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆಲ್ಲ ಮೊದಲು ಬಿಡಿಸುತ್ತಿದ್ದ ಗಂಟು ಇದೇ. ಸ್ಥಿರ ವಿಮಾನ ಅಂದರೆ ಬದಲಾವಣೆಗೆ ಒಪ್ಪದ ವಿಮಾನ. ಗಾಳಿ ಮಾಡುವ ಬದಲಾವಣೆ, ಪೈಲಟ್ ಮಾಡುವ ಬದಲಾವಣೆ ಅಂತ ಅದು ಭೇದ ಮಾಡುವುದಿಲ್ಲ. ಅತಿ ಸ್ಥಿರವಾದದ್ದನ್ನು ತಿರುಗಿಸಲು ಬಲ ಹೆಚ್ಚು ಬೇಕು. ಅಡ್ಡಗಾಳಿಯಲ್ಲಿ ಇಳಿಯುವಾಗ ಗಾಳಿ ಕಡೆಯ ರೆಕ್ಕೆ ಸುಮ್ಮನೆ ಏಳಲು ಹೊರಡುತ್ತದೆ, ಪೈಲಟ್ ಅದನ್ನು ಅದುಮಿ ಹಿಡಿದೇ ನೆಲಕ್ಕೆ ತರಬೇಕು.

ಇನ್ನೂ ಕೆಟ್ಟದ್ದು ಡಚ್ ರೋಲ್. ಡೈಹೆಡ್ರಲ್ ಪರಿಣಾಮ ಹೆಚ್ಚಿ, ಬಾಲದಲ್ಲಿ ನೆಟ್ಟಗೆ ನಿಂತ ರೆಕ್ಕೆಯ ಹಿಡಿತ ಅದಕ್ಕೆ ಸಾಲದಿದ್ದರೆ ವಿಮಾನ ವಾಲುತ್ತಾ, ಮೂಗನ್ನು ಆಚೀಚೆ ಹೊರಳಿಸುತ್ತಾ, ಒಂದು ಇನ್ನೊಂದನ್ನು ಎಬ್ಬಿಸುತ್ತಾ ಹೋಗುತ್ತದೆ. ಮೊದಲ ತಲೆಮಾರಿನ ಓರೆರೆಕ್ಕೆ ಜೆಟ್‌ಗಳನ್ನು ಇದು ಬಹಳ ಕಾಡಿತು. ಬೋಯಿಂಗ್ 707ರ ರೆಕ್ಕೆ 35 ಡಿಗ್ರಿ ಓರೆ. 1959ರ ಅಕ್ಟೋಬರ್‌ನಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ತರಬೇತಿ ಹಾರಾಟದಲ್ಲಿದ್ದ 707 ಒಂದನ್ನು ಡಚ್ ರೋಲ್ ತೋರಿಸಲು ಮಿತಿ ಮೀರಿ ವಾಲಿಸಿದರು. ವಿಮಾನ ಹುಚ್ಚೆದ್ದು ನಾಲ್ಕು ಎಂಜಿನ್‌ಗಳಲ್ಲಿ ಮೂರು ಕಿತ್ತುಹೋದವು. ಒಳಗಿದ್ದ ಎಂಟು ಜನರಲ್ಲಿ ನಾಲ್ವರು ಸತ್ತರು. ಇವತ್ತು ಜೆಟ್‌ಗಳಲ್ಲಿ ಯಾ ಡ್ಯಾಂಪರ್ ಅನ್ನುವ ಸಾಧನ ರಡ್ಡರನ್ನು (ಮೂಗನ್ನು ಆಚೀಚೆ ಹೊರಳಿಸುವ ಬಾಲದ ಫಲಕ) ಸಣ್ಣಗೆ ಆಡಿಸುತ್ತಲೇ ಇದ್ದು, ಈ ಹೊಯ್ದಾಟ ಹುಟ್ಟುವಾಗಲೇ ಅಡಗಿಸುತ್ತದೆ.

ಹಾಗಂತ ಡೈಹೆಡ್ರಲ್ ಕಿತ್ತು ಬಾಲವನ್ನು ದೊಡ್ಡದು ಮಾಡಿದರೆ ಬೇರೆ ರೋಗ: ಒಮ್ಮೆ ವಾಲಿದ ವಿಮಾನ ಮೆಲ್ಲಗೆ ಸುರುಳಿ ಸುತ್ತುತ್ತಾ ಇಳಿಯತೊಡಗುತ್ತದೆ. ಇದು ನಿಧಾನ, ಪೈಲಟ್‌ಗೆ ತಿದ್ದಲು ಪುರುಸೊತ್ತು ಸಿಗುತ್ತದೆ. ಅದಕ್ಕೇ ನಾವು ಹೆಚ್ಚಾಗಿ ಈ ಕಡೆಗೇ ರಾಜಿ ಆಗುತ್ತೇವೆ.

ಪ್ರಶ್ನೆ (ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು): ತೇಜಸ್ ವಿಮಾನವನ್ನು ಬೇಕಂತಲೇ ಅಸ್ಥಿರವಾಗಿ ಮಾಡಿದ್ದಾರೆ ಅಂತಾರೆ. ಚುರುಕಾಗಿ ತಿರುಗಲಿ ಅಂತ ಮಾತ್ರವಾ ಮೇಡಂ?

ಉತ್ತರ: ಚುರುಕು ಒಂದು ಕಾರಣ. ಅದಕ್ಕಿಂತ ಚೆಂದದ ಕಾರಣ ರೆಕ್ಕೆಯ ಆಕಾರದಲ್ಲೇ ಇದೆ ಮಗಳೇ. ತೇಜಸ್ ತ್ರಿಕೋನ ರೆಕ್ಕೆಯದು, ಹಿಂದೆ ಅಡ್ಡ ಬಾಲ ಇಲ್ಲ. ಮೂಗು ಎತ್ತುವುದು, ಇಳಿಸುವುದು, ವಾಲಿಸುವುದು ಎಲ್ಲವೂ ರೆಕ್ಕೆಯ ಹಿಂದಿನ ಅಂಚಿನಲ್ಲಿ ಮಡಚುವ ಫಲಕಗಳಾದ ಎಲೆವಾನ್‌ಗಳ ಕೆಲಸ. ಇಂಥ ವಿಮಾನವನ್ನು ಸ್ಥಿರವಾಗಿ ಮಾಡಿದರೆ ಗುರುತ್ವ ಕೇಂದ್ರ ಮುಂದಿರುತ್ತದೆ, ಮೂಗು ಬೀಳಲು ನೋಡುತ್ತದೆ. ಅದನ್ನು ಎತ್ತಿ ಹಿಡಿಯಲು ಎಲೆವಾನ್ ಮೇಲಕ್ಕೆ ಮಡಚಬೇಕು, ಅಂದರೆ ರೆಕ್ಕೆಯ ಹಿಂಭಾಗವನ್ನು ಕೆಳಕ್ಕೆ ತುಳಿಯಬೇಕು. ನೆಲ ಬಿಡುವಾಗ, ಇಳಿಯುವಾಗ, ಎತ್ತುವ ಬಲ ಹೆಚ್ಚು ಬೇಕಾದ ಹೊತ್ತಿನಲ್ಲೇ ಅದು ಕಡಿಮೆಯಾಗುತ್ತದೆ. ಗುರುತ್ವ ಕೇಂದ್ರವನ್ನು ಹಿಂದಕ್ಕೆ ಸರಿಸಿದರೆ ವಿಮಾನ ಅಸ್ಥಿರ, ಆದರೆ ಈಗ ಸಮತೋಲಕ್ಕೆ ಎಲೆವಾನ್ ಕೆಳಕ್ಕೆ ಮಡಚಿದರಾಯಿತು. ಅದು ಎತ್ತುವ ಬಲಕ್ಕೆ ಕೂಡಿಕೆ! ಪುಟ್ಟ ವಿಮಾನಕ್ಕೆ ಇದು ದೊಡ್ಡ ಲಾಭ.

ಬೆಲೆ ಏನೆಂದರೆ, ಅಂಗೈ ಮೇಲೆ ಕೋಲು ನಿಲ್ಲಿಸಿದ ಹಾಗೆ ಯಾರಾದರೂ ಸದಾ ತಿದ್ದುತ್ತಿರಬೇಕು. ಮನುಷ್ಯನ ಕೈಗೆ ಆ ವೇಗ ಸಾಲದು. ನಾಲ್ಕು ಸಮಾನಾಂತರ ವಾಹಿನಿಗಳ ಫ್ಲೈ-ಬೈ-ವೈರ್ (ತಂತಿಯಲ್ಲಿ ಸಂಕೇತ ಕಳಿಸಿ ಫಲಕಗಳನ್ನು ಆಡಿಸುವ) ಕಂಪ್ಯೂಟರ್ ಅದನ್ನು ಮಾಡುತ್ತದೆ. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಬೆಂಗಳೂರಿನಲ್ಲಿ ಮೊದಲ ಸಲ ತೇಜಸ್ ಹಾರಿಸಿದಾಗ ನಿಜವಾಗಿ ಪರೀಕ್ಷೆಗೆ ಕೂತಿದ್ದು ಆ ಕಂಪ್ಯೂಟರ್ ಪಾಲಿಸುವ ನಿಯಂತ್ರಣ ನಿಯಮಗಳೇ ಅಂತ ನಾನು ಹೇಳುತ್ತೇನೆ, ರೆಕ್ಕೆ ಆಮೇಲೆ.

ತ್ರಿಕೋನ ರೆಕ್ಕೆ ಮೂಗು ತುಂಬ ಎತ್ತಿದರೂ ದಿಢೀರನೆ ಕೈಬಿಡುವುದಿಲ್ಲ, ಮುಂದಿನ ಅಂಚಿನಿಂದ ಏಳುವ ಸುಳಿಗಳು ಗಾಳಿಯನ್ನು ಅಂಟಿಸಿಕೊಂಡಿರುತ್ತವೆ. ಆದರೆ ಅದೇ ಸ್ಥಿತಿಯಲ್ಲಿ ಗಾಳಿಯ ಎಳೆತ ವಿಪರೀತ. ಬಿಗಿಯಾಗಿ ತಿರುಗುತ್ತಾ ಹೋದರೆ ವೇಗ ಕರಗುತ್ತದೆ.

ಪ್ರಶ್ನೆ: ರೆಕ್ಕೆಯ ತುದಿಯಲ್ಲಿ ಮೇಲಕ್ಕೆ ಮಡಚಿರೋ ಶಾರ್ಕ್‌ಲೆಟ್ ಕೂಡ ಸ್ಥಿರತೆಗಾ?

ಉತ್ತರ: ಅಲ್ಲ, ಇಂಧನ ಉಳಿಸಲು. ಡೈಹೆಡ್ರಲ್ ಪರಿಣಾಮ ಚೂರು ಹೆಚ್ಚುತ್ತದೆ, ಅಷ್ಟೇ.

ಪ್ರಶ್ನೆ (ಏರೋಮಾಡೆಲಿಂಗ್ ಹವ್ಯಾಸಿ, ಹಾಸನ): ಮೇಡಂ, ನಾನು ಥರ್ಮೋಕೋಲ್‌ನಲ್ಲಿ ಮಾಡೆಲ್ ಮಾಡ್ತೀನಿ. ಹೊಸದಕ್ಕೆ ಚೂಪು ತುದಿಯ, ಹಿಂದಕ್ಕೆ ಓರೆಯಾದ ರೆಕ್ಕೆ ಹಾಕಿದೆ. ನೋಡೋಕೆ ಸೂಪರ್. ಆದ್ರೆ ಇಳಿಸುವಾಗ ನಿಧಾನ ಮಾಡಿದ್ರೆ ಸಾಕು, ಒಂದು ರೆಕ್ಕೆ ಧಪ್ ಅಂತ ಬೀಳುತ್ತೆ. ಗುರುತ್ವ ಕೇಂದ್ರ ಸರಿ ಇದೆ.

ಉತ್ತರ: ತುದಿ ಮೊದಲು ಸ್ಟಾಲ್ ಆಗುತ್ತಿದೆ, ಅಂದರೆ ಅಲ್ಲಿ ಗಾಳಿ ರೆಕ್ಕೆಯ ಮೈ ಬಿಟ್ಟು ಎತ್ತುವ ಬಲ ಕುಸಿಯುತ್ತಿದೆ. ಚೂಪಾದ ತುದಿ ತನ್ನ ಅಗಲಕ್ಕೆ ಮೀರಿ ದುಡಿಯಬೇಕಾಗುತ್ತದೆ. ಓರೆರೆಕ್ಕೆಯಲ್ಲಿ ಮೇಲ್ಮೈಯ ಸೋತ ಗಾಳಿ ತುದಿಯ ಕಡೆಗೇ ಸರಿದು ಅಲ್ಲೇ ರಾಶಿಯಾಗುತ್ತದೆ. ಮಾಡೆಲ್‌ನಂಥ ಸಣ್ಣ ಅಳತೆಯಲ್ಲಿ ಕಿರಿದಾದ ತುದಿ ಇನ್ನೂ ಬೇಗ ಸೋಲುತ್ತದೆ. ವಾಲಿಸುವ ಫಲಕವಾದ ಏಲರಾನ್ ಇರುವುದೂ ಅಲ್ಲೇ ಆದ್ದರಿಂದ, ಬಿದ್ದ ರೆಕ್ಕೆಯನ್ನು ಎತ್ತಲು ರಿಮೋಟ್‌ನ ಕಡ್ಡಿ ಆಡಿಸಿದರೆ ಅದು ಮತ್ತಷ್ಟು ಬೀಳುತ್ತದೆ.

ದೊಡ್ಡ ವಿಮಾನಗಳಿಗೂ ಇದೇ ಪಾಡಾಗಿತ್ತು. ಓರೆರೆಕ್ಕೆಯ ತುದಿಗಳು ಗುರುತ್ವ ಕೇಂದ್ರಕ್ಕಿಂತ ಹಿಂದಿರುವುದರಿಂದ, ಅವು ಸೋತರೆ ಮೂಗು ಇನ್ನೂ ಮೇಲಕ್ಕೆ ಏಳುತ್ತದೆ. 1956ರಲ್ಲಿ ಅಮೆರಿಕದ ಎಡ್ವರ್ಡ್ಸ್ ವಾಯುನೆಲೆಯಲ್ಲಿ ಎಫ್-100 ಯುದ್ಧವಿಮಾನ ಒಂದು ಹೀಗೇ ಮೂಗೆತ್ತಿ ತೂರಾಡಿ ಬಿದ್ದದ್ದು ಕ್ಯಾಮೆರಾದಲ್ಲಿ ದಾಖಲಾಗಿದೆ. ಮಿಗ್-17 ಯುದ್ಧವಿಮಾನದ ಪ್ರತಿ ರೆಕ್ಕೆಯ ಮೇಲೆ ಮೂರು ಸಣ್ಣ ಬೇಲಿಗಳಿವೆ, ಗಾಳಿ ತುದಿಗೆ ಸರಿಯದಂತೆ ತಡೆಯಲು.

ನೀವು ತುದಿಯ ಮುಂದಿನ ಅಂಚು ಬುಡದ್ದಕ್ಕಿಂತ 2-3 ಡಿಗ್ರಿ ಕೆಳಮುಖವಾಗುವಂತೆ ರೆಕ್ಕೆಯನ್ನು ತಿರುಚಿ. ಇದಕ್ಕೆ ವಾಶ್‌ಔಟ್ ಅನ್ನುತ್ತಾರೆ. ಆಗ ಬುಡ ಮೊದಲು ಸೋಲುತ್ತದೆ, ತುದಿ ಹಿಡಿತ ಬಿಡುವುದಿಲ್ಲ. ಸೆಸ್ನಾ 172ರಲ್ಲಿ ಸುಮಾರು 3 ಡಿಗ್ರಿ ಇದೆ, ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್‌ನಲ್ಲಿ ಎರಡೂವರೆ. ಎರಡೂ ಕಡೆ ತಿರುಚು ಒಂದೇ ಸಮ ಇದೆಯೋ ಅಂತ ಅಳೆದು ನೋಡಿ. ಥರ್ಮೋಕೋಲ್ ಬಿಸಿಲಿಗೆ ತಾನೇ ಸೊಟ್ಟಗಾಗುತ್ತದೆ.

ಹವ್ಯಾಸಿ: ತಲೆಕೆಳಗಾಗಿ ಹಾರಿಸೋ ಆಸೆ ಇತ್ತು. ಅದಕ್ಕೇನೂ ತೊಂದ್ರೆ ಇಲ್ವಾ?

ಉತ್ತರ: ಇದೆ. ತಲೆಕೆಳಗಾದಾಗ ಅದೇ ತಿರುಚು ಉಲ್ಟಾ ಆಗಿ ತುದಿಯೇ ಮೊದಲು ಸೋಲುತ್ತದೆ. ಅದಕ್ಕೆ ಬೇರೆ ರೆಕ್ಕೆ ಕತ್ತರಿಸಿ: ಮೇಲೂ ಕೆಳಗೂ ಒಂದೇ ಥರ ಉಬ್ಬಿರುವ, ತಿರುಚು ಇಲ್ಲದ, ತುದಿ ಅಗಲವಾಗಿರುವ ರೆಕ್ಕೆ. ಈಗಿನದನ್ನು ತಿರುಚಿ ನೆಟ್ಟಗೆ ಹಾರಿಸಲು ಇಟ್ಟುಕೊಳ್ಳಿ.