ಫ್ರೈಯರ್‌ ಎಣ್ಣೆ ಎರಡೇ ದಿನಕ್ಕೆ ಕಪ್ಪಾಗುತ್ತಿದೆ, ಸೋಮವಾರ ನೊರೆಯೂ ಉಕ್ಕುತ್ತದೆ: ಕಾರಣವೇನಿರಬಹುದು?

ಮಂಡ್ಯ ತಿಂಡಿಮನೆ:
ಮಾನ್ಯರೇ, ಮಂಡ್ಯದಲ್ಲಿ ನನ್ನದೊಂದು ಸಣ್ಣ ಹೋಟೆಲಿದೆ. ಮದ್ದೂರು ವಡೆ, ಬಾಳೆಕಾಯಿ ಬಜ್ಜಿ, ಆಲೂಗೆಡ್ಡೆ ಬೋಂಡ, ಇಷ್ಟೇ ನಾವು ಕರಿಯುವುದು. ಮೊದಲು ಗ್ಯಾಸ್ ಒಲೆಯ ಮೇಲೆ ದೊಡ್ಡ ಬಾಣಲೆಯಿಟ್ಟು ಕರಿಯುತ್ತಿದ್ದೆವು. ಎಣ್ಣೆ ಉಳಿತಾಯವಾಗುತ್ತದೆಂಬ ಮಾತು ನಂಬಿ ಹೋದ ವರ್ಷ 15 ಲೀಟರ್ ಹಿಡಿಯುವ ವಿದ್ಯುತ್ ಫ್ರೈಯರ್ ತಂದೆ. ಆದದ್ದು ತದ್ವಿರುದ್ಧ. ಪಾಮೋಲಿನ್ ಎರಡನೆಯ ದಿನ ಸಂಜೆಯ ಹೊತ್ತಿಗೆ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ವಡೆಯ ಅಂಚಿಗೆಲ್ಲ ಕಪ್ಪು ಚುಕ್ಕಿ ಅಂಟಿಕೊಳ್ಳುತ್ತದೆ.

ರಾತ್ರಿ ಬಾಗಿಲು ಹಾಕುವ ಮುಂಚೆ ಕೋರಾ ಬಟ್ಟೆಯಲ್ಲಿ ಎಣ್ಣೆ ಸೋಸುತ್ತೇವೆ. ಭಾನುವಾರ ಮಧ್ಯಾಹ್ನ ಯಂತ್ರಕ್ಕೆ ನೀರು ತುಂಬಿ, ಕಾಸ್ಟಿಕ್ ಸೋಡಾ ಹಾಕಿ ಕುದಿಸಿ ತೊಳೆಯುತ್ತೇವೆ. ವಿಚಿತ್ರವೆಂದರೆ, ಸೋಮವಾರ ಬೆಳಿಗ್ಗೆ ಹೊಸ ಟಿನ್ ಒಡೆದು ಸುರಿದ ಎಣ್ಣೆಯೂ ಮೊದಲ ಎರಡು ಒಬ್ಬೆಗೇ ನೊರೆಗಟ್ಟಿ ಮೇಲೇಳುತ್ತದೆ. ಇನ್ನೊಂದು ಸಂಗತಿ: 2023ರಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ಕಾರಿನವರು ಊರೊಳಗೆ ಬರುವುದು ಕಡಿಮೆಯಾಗಿದೆ. ಬಂದರೆ ಗುಂಪಾಗಿ ಬರುತ್ತಾರೆ, ಇಲ್ಲದಿದ್ದರೆ ಗಂಟೆಗಟ್ಟಲೆ ಯಾರೂ ಇಲ್ಲ. ಹಾಗಾಗಿ ಫ್ರೈಯರನ್ನು ದಿನವಿಡೀ 180 ಡಿಗ್ರಿಯಲ್ಲಿ ಕಾಯಿಸಿಯೇ ಇಟ್ಟಿರುತ್ತೇವೆ. ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಕುರುಕಲು ಅಂಗಡಿ, ಮೈಸೂರು:
ನಿಮ್ಮ ಎಣ್ಣೆಯನ್ನು ಅರ್ಧ ಕೆಡಿಸುತ್ತಿರುವುದು ಈ ಕಾಯಿಸಿಡುವ ಅಭ್ಯಾಸವೇ ಎಂದು ನನ್ನ ಅನಿಸಿಕೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ 120 ಡಿಗ್ರಿಗೆ ಇಳಿಸಿಡಿ. ಮತ್ತೆ ಬಿಸಿಯೇರಲು ಕೆಲವೇ ನಿಮಿಷ ಸಾಕು.

ಕಪ್ಪು ಚುಕ್ಕಿಗೆ ಕಾರಣ ಬೇರೆ. ಮದ್ದೂರು ವಡೆಯನ್ನು ತಟ್ಟಿ ಬಿಟ್ಟಕೂಡಲೇ ಈರುಳ್ಳಿ ಚೂರು, ಕರಿಬೇವು, ರವೆಯ ಕಾಳು ಅಂಚಿನಿಂದ ಕಳಚಿ ತಳಕ್ಕಿಳಿಯುತ್ತವೆ. ಬಾಣಲೆಯಲ್ಲಾದರೆ ಅವು ಕಣ್ಣಿಗೆ ಬೀಳುತ್ತವೆ, ಭಟ್ಟರು ಜಾಲರಿಯಲ್ಲಿ ಎತ್ತಿ ಎಸೆಯುತ್ತಾರೆ. ಫ್ರೈಯರ್‌ನಲ್ಲಿ ಎಲಿಮೆಂಟಿನ ಕೆಳಗಿರುವ ಎಣ್ಣೆ ಮೇಲಿನದರಷ್ಟು ಕಾಯುವುದಿಲ್ಲ, ಬಿದ್ದ ಚೂರು ಸೀಯದೆ ಅಲ್ಲಿ ಕೂರಲಿ ಎಂದೇ ಆ ಜಾಗ ಬಿಟ್ಟಿರುತ್ತಾರೆ. ಆದರೆ ಗಸಿ ಏರುತ್ತಾ ಏರುತ್ತಾ ಎಲಿಮೆಂಟನ್ನು ಮುಟ್ಟಿತೆಂದರೆ ಸೀಯಲು ಶುರು. ರಾತ್ರಿ ಒಂದೇ ಸಲ ಸೋಸಿದರೆ ನಿಮ್ಮ ಬಾಬತ್ತಿಗೆ ಸಾಲದು. ಮಧ್ಯಾಹ್ನ ಮೂರರ ಸುಮಾರಿಗೆ ಸ್ವಿಚ್ ಆರಿಸಿ, ಎಣ್ಣೆ ಉಗುರುಬಿಸಿಗಿಂತ ತುಸು ಹೆಚ್ಚಿರುವಾಗ ಇನ್ನೊಮ್ಮೆ ಸೋಸಿ. ಅಕ್ಕಿಹಿಟ್ಟಿನ ನುಣುಪು ಪುಡಿ ಕೋರಾ ಬಟ್ಟೆಯನ್ನು ದಾಟಿ ಹೋಗುತ್ತದೆ, ಆದ್ದರಿಂದ ಬಟ್ಟೆಯ ಮೇಲೆ ಫಿಲ್ಟರ್ ಪೇಪರ್ ಹಾಸಿಕೊಳ್ಳಿ. ಬಟ್ಟೆ ಒದ್ದೆಯಿರಬಾರದು.

ಫ್ರೈಯರ್ ರಿಪೇರಿ:
ಸೋಮವಾರದ ನೊರೆಯ ಬಗ್ಗೆ ನಾನು ಹೇಳುತ್ತೇನೆ. ಅದು ಸೋಪು, ಸ್ವಾಮಿ. ಕಾಸ್ಟಿಕ್ ಸೋಡಾ ಮತ್ತು ಎಣ್ಣೆ ಸೇರಿದರೆ ಸೋಪಾಗುತ್ತದೆ. ಸೋಪು ಮಾಡುವ ವಿಧಾನವೇ ಅದು. ತೊಟ್ಟಿಯನ್ನು ಎಷ್ಟೇ ತೊಳೆದರೂ ಕೆಳಗಿನ ಡ್ರೈನ್ ಪೈಪಿನಲ್ಲಿ, ವಾಲ್ವಿನ ಹಿಂದೆ ಒಂದು ಲೋಟದಷ್ಟು ಕ್ಷಾರದ ನೀರು ನಿಂತುಬಿಡುತ್ತದೆ. ಇದನ್ನು ನಾನು ಎಷ್ಟೋ ಅಡುಗೆಮನೆಗಳಲ್ಲಿ ಕಂಡಿದ್ದೇನೆ. ವಾಲ್ವ್ ತೆರೆದಿಟ್ಟೇ ಎರಡು ಸಲ ನೀರು ಹರಿಸಿ, ಮೂರನೆಯ ನೀರಿಗೆ ವಿನಿಗರ್ ಬೆರೆಸಿ, ಮತ್ತೊಮ್ಮೆ ಬರೀ ನೀರಿನಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ ರಾತ್ರಿಯಿಡೀ ಆರಲು ಬಿಡಿ. ನೀರಿನ ಪಸೆ ಉಳಿದರೆ ಎಣ್ಣೆ ಸಿಡಿಯುವುದಷ್ಟೇ ಅಲ್ಲ, ಬೇಗ ಒಡೆಯುತ್ತದೆ ಕೂಡ. ಬಜ್ಜಿ ಹಿಟ್ಟಿಗೆ ಹಾಕುವ ಅಡುಗೆ ಸೋಡಾ ಹೆಚ್ಚಾದರೂ ಇದೇ ಪಾಡು.

ಥರ್ಮೋಸ್ಟಾಟಿನ ಗುಂಡಿ ತೋರಿಸುವ ಅಂಕಿಯನ್ನು ನಂಬಬೇಡಿ, ಬೇರೊಂದು ಥರ್ಮಾಮೀಟರ್ ಅದ್ದಿ ನೋಡಿ. ಹಿತ್ತಾಳೆಯ ಜಾಲರಿಯಿದ್ದರೆ ತೆಗೆದು ಸ್ಟೀಲಿನದು ತನ್ನಿ. ತಾಮ್ರದ ಸೋಂಕಿಗೆ ಎಣ್ಣೆ ಬೇಗ ಕಮಟಾಗುತ್ತದೆ.

ಆಹಾರ ತಂತ್ರಜ್ಞಾನ ಓದಿದವಳು:
ಮೇಲಿನ ಇಬ್ಬರೂ ಸರಿಯಾಗಿಯೇ ಹೇಳಿದ್ದಾರೆ. ಬಣ್ಣ ನೋಡಿ ಎಣ್ಣೆಯ ಯೋಗ್ಯತೆ ಅಳೆಯಲಾಗುವುದಿಲ್ಲ ಎಂಬುದೊಂದನ್ನು ಸೇರಿಸುತ್ತೇನೆ. ನಮ್ಮ ದೇಶದಲ್ಲಿ 2018ರ ಜುಲೈ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಎಣ್ಣೆಯಲ್ಲಿ ಒಟ್ಟು ಪೋಲಾರ್ ಸಂಯುಕ್ತಗಳ (ಎಣ್ಣೆ ಕಾದು ಕಾದು ಒಡೆದಾಗ ಹುಟ್ಟುವ ವಸ್ತುಗಳ) ಪ್ರಮಾಣ ಶೇ. 25ನ್ನು ಮೀರಿದರೆ ಅದರಲ್ಲಿ ಕರಿಯುವಂತಿಲ್ಲ. ಇದನ್ನು ಅಳೆಯಲು ಕೈಯಲ್ಲಿ ಹಿಡಿಯುವ ಮೀಟರ್ ಸಿಗುತ್ತದೆ, ಬಿಸಿ ಎಣ್ಣೆಗೆ ಅದ್ದಿದರೆ ಅಂಕಿ ತೋರಿಸುತ್ತದೆ. ಬೆಲೆ ತುಸು ಹೆಚ್ಚು. ನಾಲ್ಕು ಅಂಗಡಿಯವರು ಸೇರಿ ಕೊಳ್ಳಬಹುದು. ಕರಿಯುತ್ತಾ ಇಳಿದಷ್ಟು ಎಣ್ಣೆಯನ್ನು ದಿನವೂ ಹೊಸದರಿಂದ ತುಂಬಿಸುವುದು ಒಳ್ಳೆಯದೇ, ಆದರೆ ಮಿತಿ ಮೀರಿದ ಎಣ್ಣೆಗೆ ಹೊಸದನ್ನು ಸುರಿದರೆ ಹೊಸದೂ ಕೆಡುತ್ತದೆ.

ಹಳೆಯ ಎಣ್ಣೆಯನ್ನು ಟಿನ್ ಲೆಕ್ಕದಲ್ಲಿ ಕೊಂಡೊಯ್ಯುವವರಿಗೆ ದಯವಿಟ್ಟು ಕೊಡಬೇಡಿ, ಅದು ಇನ್ನೊಂದು ಗಾಡಿಯ ಬಾಣಲೆಗೆ ಹೋಗುತ್ತದೆ. ಜೈವಿಕ ಡೀಸೆಲ್‌ಗಾಗಿ ಸಂಗ್ರಹಿಸುವ ಅಧಿಕೃತ ಸಂಸ್ಥೆಗಳಿವೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು 2019ರ ಮಾರ್ಚ್ 1ರಿಂದ ಇದರ ಲೆಕ್ಕವನ್ನೂ ಇಡಬೇಕು. ನಿಮಗೆ ಆ ಲೆಕ್ಕದ ತಾಪತ್ರಯವಿಲ್ಲ.

ಮಂಡ್ಯ ತಿಂಡಿಮನೆ:
ಎರಡು ವಾರ ಕಳೆದು ಬರೆಯುತ್ತಿದ್ದೇನೆ. ವಾಲ್ವ್ ಬಿಚ್ಚಿಸಿದಾಗ ಪೈಪಿನೊಳಗೆ ಸುಣ್ಣದಂತೆ ಬಿಳಿಯ ಪದರ ಕಟ್ಟಿತ್ತು, ಬೆರಳಿಗೆ ಜಾರುತ್ತಿತ್ತು. ವಿನಿಗರ್ ಹಾಕಿ ತೊಳೆದ ಮೇಲೆ ಎರಡು ಸೋಮವಾರವೂ ನೊರೆ ಕಾಣಲಿಲ್ಲ. ಗುಂಡಿ 180ರಲ್ಲಿದ್ದಾಗ ಥರ್ಮಾಮೀಟರ್ 197 ತೋರಿಸಿತು, ಥರ್ಮೋಸ್ಟಾಟ್ ಬದಲಾಯಿಸಿದ್ದೇವೆ. ಪರಿಚಯದ ಬೇಕರಿಯವರಿಂದ ಮೀಟರ್ ಎರವಲು ತಂದು ನಾಲ್ಕನೆಯ ದಿನ ಸಂಜೆ ಅದ್ದಿದರೆ 20 ಬಂತು.

ಬಜ್ಜಿಯದು ಮಾತ್ರ ಬಗೆಹರಿದಿಲ್ಲ. ಹಿಟ್ಟು ಬುಟ್ಟಿಯ ಕಣ್ಣುಗಳಲ್ಲಿ ಸೋರಿ ಎಲಿಮೆಂಟಿಗೆ ಮೆತ್ತಿಕೊಳ್ಳುತ್ತದೆ. ಸದ್ಯಕ್ಕೆ ಅಟ್ಟದಿಂದ ಹಳೆಯ ಬಾಣಲೆ ಇಳಿಸಿ, ಬಜ್ಜಿಯನ್ನು ಅದರಲ್ಲೇ ಬಿಡುತ್ತಿದ್ದೇವೆ.