ಟರ್ಕಿ ಕೋಳಿ ಬೇಟೆಯ ಕೋವಿಗೆ ಯಾವ ಬಗೆಯ ಸ್ಟಾಕ್ ಸೂಕ್ತ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿಸೌರಿಯಲ್ಲಿ ನೆಲೆಸಿರುವ ನಾನು ಬರುವ ವಸಂತದ ಟರ್ಕಿ ಬೇಟೆಗೆಂದು ನನ್ನ ಮಾಸ್‌ಬರ್ಗ್ 500, 12 ಗೇಜ್ ಕೋವಿಯನ್ನು ಸಿದ್ಧಪಡಿಸುತ್ತಿದ್ದು, ಅದರ ಸ್ಟಾಕ್ (ಭುಜಕ್ಕೆ ಊರುವ ಹಿಂಭಾಗ) ಬದಲಿಸಬೇಕೇ ಎಂಬ ಗೊಂದಲದಲ್ಲಿದ್ದೇನೆ. ಮರಕ್ಕೆ ಬೆನ್ನು ಕೊಟ್ಟು, ಮೊಣಕಾಲಿನ ಮೇಲೆ ಕೋವಿಯನ್ನು ಇಟ್ಟುಕೊಂಡು ಗಂಟೆಗಟ್ಟಲೆ ಅಲುಗಾಡದೆ ಕೂರಬೇಕಾದ ಈ ಬೇಟೆಯಲ್ಲಿ ಪಿಸ್ತೂಲಿನಂಥ ಹಿಡಿಯಿರುವ ಸ್ಟಾಕ್ ಮಣಿಕಟ್ಟಿಗೆ ಹಿತವೆನಿಸುತ್ತದೆ. ಆದರೆ ಈ ಕೋವಿಯ ಸೇಫ್ಟಿ ಗುಂಡಿ ಮೇಲ್ಭಾಗದಲ್ಲಿ, ಹಿಂತುದಿಗೆ ಇರುವುದರಿಂದ ಹೆಬ್ಬೆರಳು ಅಲ್ಲಿಗೆ ತಲುಪಲು ಹಿಡಿತವನ್ನೇ ಸಡಿಲಿಸಬೇಕಾಗುತ್ತದೆ, ಟರ್ಕಿಯ ಕಣ್ಣಿಗೆ ಅಷ್ಟು ಚಲನೆಯೇ ಸಾಕು. ಕೋವಿಯ ಮೇಲೆ ರೆಡ್ ಡಾಟ್ (ಕೆಂಪು ಚುಕ್ಕೆಯಿಂದ ಗುರಿ ತೋರಿಸುವ ಸಾಧನ) ಕೂರಿಸಿದ ಮೇಲಂತೂ ಅದನ್ನು ನೋಡಲು ತಲೆ ಎತ್ತಬೇಕಾಗಿ, ಸಾದಾ ಸ್ಟಾಕಿನ ಮೇಲೆ ಕೆನ್ನೆಯ ಬದಲು ಗದ್ದ ಊರುತ್ತಿದೆ. ಸಾದಾ ಸ್ಟಾಕನ್ನೇ ಉಳಿಸಿಕೊಂಡು ಕೆನ್ನೆ ಊರುವ ಜಾಗಕ್ಕೆ ಮೆತ್ತೆ ಕಟ್ಟಿ ಎತ್ತರಿಸಿದರೆ, 3 ಇಂಚಿನ ತೋಟಾದ ಒದೆತಕ್ಕೆ ಅದು ಜರುಗದೆ ನಿಲ್ಲುತ್ತದೆಯೇ? ಬಳಸಿದವರು ದಯವಿಟ್ಟು ತಿಳಿಸಬೇಕು.