ಮೇಲ್ ಬರ್ತಾವ, ಹೋಗವಲ್ವು: ಮನಿ ಫೈಬರ್‌ನ್ಯಾಗ ಔಟ್‌ಗೋಯಿಂಗ್ ಸೆಟ್ಟಿಂಗ್ ಹೆಂಗ ಮಾಡೀರಿ?

ಗಂಗಾವತಿ_ಸೋನಾ
ಮನ್ಯಾಗ ಅಕ್ಕಿ ವ್ಯಾಪಾರದ ಆಫೀಸು. ಹೋದ ವಾರ ಹಳೆ ಫೋನ್‌ಲೈನ್ ಬ್ರಾಡ್‌ಬ್ಯಾಂಡ್ ತೆಗಿಸಿ ಫೈಬರ್ ಹಾಕಿಸೀವಿ. ಅವತ್ತಿಂದ ಔಟ್‌ಲುಕ್ 2016ರಾಗ ಬರೋ ಮೇಲ್ ಬರ್ತಾವ, ಹೋಗೋವು ಔಟ್‌ಬಾಕ್ಸ್‌ನ್ಯಾಗ ಕುಂತಾವ. ಸ್ವಂತ ಡೊಮೇನ್, ಹೋಸ್ಟಿಂಗ್‌ನೋರ ಸರ್ವರ್, ಪೋರ್ಟ್ 25. ಪಾಸ್‌ವರ್ಡ್ ಬದಲಿಸಿಲ್ಲ. ಪಾರ್ಟಿಗಳಿಗೆ ಬಿಲ್ ಪಿಡಿಎಫ್ ಕಳಿಸಬೇಕು. ನೀವೆಲ್ಲ ಏನ್ ಮಾಡೀರಿ?

ಕೌಲ್‌ಬಜಾರ್_ಕೇಬಲ್
25 ಬಂದ್ ಇರುತ್ತೆ, ಅದನ್ನ ಬಿಡ್ರಿ. ಅದು ಸರ್ವರಿಂದ ಸರ್ವರಿಗೆ ಹೋಗೋ ಬಾಗಿಲು. ವೈರಸ್ ಹತ್ತಿದ ಮನೆ ಕಂಪ್ಯೂಟರ್‌ಗಳು ರಾತ್ರಿಯೆಲ್ಲ ಸ್ಪ್ಯಾಮ್ ಉಗುಳ್ತವೆ ಅಂತ ಮನೆ ಲೈನ್‌ಗಳಲ್ಲಿ ಹೊರಗೆ ಹೋಗೋ 25 ಮುಚ್ಚಿಟ್ಟಿರ್ತಾರೆ. ಕಸ್ಟಮರ್ ಕೇರ್‌ಗೆ ಹತ್ತು ಸಲ ಹಚ್ಚಿದ್ರೂ ‘ರೂಟರ್ ಆಫ್ ಮಾಡಿ ಆನ್ ಮಾಡಿ’ ಅಷ್ಟೇ.

ಪವರ್‌ಶೆಲ್ ತೆಗೆದು ಟೆಸ್ಟ್-ನೆಟ್‌ಕನೆಕ್ಷನ್, ಸರ್ವರ್ ಹೆಸರು, ಮೈನಸ್ ಪೋರ್ಟ್ 25 ಕೊಡ್ರಿ. ಸ್ವಲ್ಪ ಹೊತ್ತು ಕಾದು ಕೊನೆ ಸಾಲಲ್ಲಿ ಫಾಲ್ಸ್ ಬರುತ್ತೆ. ಅದನ್ನೇ 587ಕ್ಕೆ (ಮೇಲ್ ಪ್ರೋಗ್ರಾಂ ತನ್ನ ಸರ್ವರಿಗೆ ಮೇಲ್ ಕೊಡೋ ಬಾಗಿಲು) ಕೊಟ್ಟು ಟ್ರೂ ಬಂತಂದ್ರೆ ಲೈನ್ ಸರಿ ಐತೆ, ಸೆಟ್ಟಿಂಗ್ ತಪ್ಪು. ಅಕೌಂಟ್ ಸೆಟ್ಟಿಂಗ್ಸ್, ಚೇಂಜ್, ಮೋರ್ ಸೆಟ್ಟಿಂಗ್ಸ್. ಔಟ್‌ಗೋಯಿಂಗ್ ಸರ್ವರ್ ಟ್ಯಾಬಲ್ಲಿ ‘ಅಥೆಂಟಿಕೇಶನ್ ಬೇಕು’ ಅನ್ನೋ ಡಬ್ಬಿಗೆ ಟಿಕ್ ಹಾಕ್ರಿ, ಹತ್ತು ಜನರಲ್ಲಿ ಎಂಟು ಜನ ಬಿಡೋದು ಇದನ್ನೇ. ಅಡ್ವಾನ್ಸ್ಡ್ ಟ್ಯಾಬಲ್ಲಿ 587, ಎನ್‌ಕ್ರಿಪ್ಶನ್ ಟಿಎಲ್‌ಎಸ್ (ದಾರಿಯಲ್ಲಿ ಯಾರೂ ಓದದಂಗೆ ಕಳಿಸೋದು). ‘ಎಸ್‌ಪಿಎ’ ಅಂತ ಇನ್ನೊಂದು ಟಿಕ್ ಐತೆ, ಅದನ್ನ ಮುಟ್ಟಬೇಡ್ರಿ.

ಸರ್ಟಿಫಿಕೇಟ್ ಹೆಸರು ಹೊಂದಲ್ಲ ಅಂತ ಕಿಟಕಿ ಎದ್ರೆ ‘ಯೆಸ್’ ಒತ್ತಿ ಕೂರಬೇಡ್ರಿ, ದಿನಾ ಏಳುತ್ತೆ. ಡೊಮೇನ್ ಹೆಸರಿನ ಶುರುವಿಗೆ ‘ಮೇಲ್’ ಸೇರಿಸಿ ಬರೆದಿರ್ತೀರಿ, ಸರ್ಟಿಫಿಕೇಟ್ ಇರೋದು ಹೋಸ್ಟಿಂಗ್‌ನವರ ಸರ್ವರ್ ಹೆಸರಲ್ಲಿ. ಆ ಹೆಸರನ್ನೇ ಹಾಕ್ರಿ.

ರಾಯಚೂರು_ರಿಲೇ
25 ಓಪನ್ ಮಾಡಿಸ್ತೀನಿ ಅಂತ ಹೊಂಟವರ ಲೆಕ್ಕ ಹೇಳ್ತೀನಿ ಕೇಳ್ರಿ. ಸ್ಟ್ಯಾಟಿಕ್ ಐಪಿ (ಬದಲಾಗದ ಸ್ವಂತ ವಿಳಾಸ) ವರ್ಷಕ್ಕ 2,400, ಮ್ಯಾಲ 18% ಜಿಎಸ್‌ಟಿ 432, ಒಟ್ಟು 2,832. ಅದಿಲ್ಲಂದ್ರ ರೂಟರಿನ ವ್ಯಾನ್ ಐಪಿ ಹೆಚ್ಚಾಗಿ 100.64ರಿಂದ 100.127ರ ಒಳಗ ಇರ್ತದ. ಅಂದ್ರ ಸಿಜಿನ್ಯಾಟ್, ಊರ ಮಂದಿಗೆಲ್ಲ ಒಂದೇ ಹೊರಗಿನ ಐಪಿ. ಐಪಿ ಬಂತು, 25 ಓಪನ್ ಮಾಡಿದ್ರು, ಮನ್ಯಾಗಿನ ಪೋಸ್ಟ್‌ಫಿಕ್ಸ್‌ನಿಂದ (ಮೇಲ್ ಸರ್ವರ್ ಸಾಫ್ಟ್‌ವೇರ್) ಜಿಮೇಲ್‌ಗೆ ಕಳಿಸಿದ್ರ 550 5.7.25: ಐಪಿಗೆ ಪಿಟಿಆರ್ (ಐಪಿ ಯಾವ ಹೆಸರಿಂದು ಅಂತ ಹೇಳೋ ಡಿಎನ್‌ಎಸ್ ದಾಖಲೆ) ಇಲ್ಲ. ಪಿಟಿಆರ್ ಹಾಕೋದು ನಮ್ಮ ಕೈಯಾಗಿಲ್ಲ, ಐಪಿ ಯಾರದೋ ಅವರೇ ಹಾಕಬೇಕು. ಐದು ಟಿಕೆಟ್, ಐದೂ ‘ರಿಸಾಲ್ವ್ಡ್’, ಪಿಟಿಆರ್ ಮಾತ್ರ ಇಲ್ಲ. ಅದರ ಮ್ಯಾಲ ಆ ಐಪಿ ಸಾಲೆಲ್ಲ ಸ್ಪ್ಯಾಮ್ ತಡೆಯೋ ಸಂಸ್ಥೆ ಸ್ಪ್ಯಾಮ್‌ಹೌಸ್‌ನ ಪಿಬಿಎಲ್ ಪಟ್ಟಿಯೊಳಗ: ಇದು ಮನಿ ಲೈನು, ಇಲ್ಲಿಂದ ನೇರ ಮೇಲ್ ಬರಬಾರದು ಅಂತ. 2,832 ಹೊಳಿಗೆ ಹೋತು.

ಈಗ ಅದೇ ಪೋಸ್ಟ್‌ಫಿಕ್ಸ್ ಬರೇ ರಿಲೇ, ಮೇಲ್ ತಗೊಂಡು ಹೋಸ್ಟಿಂಗ್ ಸರ್ವರಿಗೆ ದಾಟಿಸ್ತದ. ರಿಲೇಹೋಸ್ಟ್ ಸಾಲಿನ್ಯಾಗ ಸರ್ವರ್ ಹೆಸರು ಚೌಕ ಆವರಣದೊಳಗ, ಆಮ್ಯಾಲ ಕೋಲನ್ 587. ಆ ಆವರಣ ಮರೆತ್ರ ಎಂಎಕ್ಸ್ (ಬರೋ ಮೇಲ್ ತಗೊಳ್ಳೋ ಸರ್ವರಿನ ದಾಖಲೆ) ಹುಡುಕ್ಕೊಂಡು ಬ್ಯಾರೆ ಮಷೀನಿಗೆ ಹೋಗ್ತದ. ಪಾಸ್‌ವರ್ಡ್ ಫೈಲಿನಾಗೂ ಹೆಸರು ಅಕ್ಷರಕ್ಕಕ್ಷರ ಹಂಗೇ ಇರಬೇಕು. ಆ ಫೈಲಿನ ಮ್ಯಾಲ ಪೋಸ್ಟ್‌ಮ್ಯಾಪ್ ಕಮಾಂಡ್ ಹೊಡೀರಿ, ಫೈಲಿಗೆ 600 ಪರ್ಮಿಶನ್ (ಮಾಲಕ ಮಾತ್ರ ಓದೋ ಹಂಗ), ಟಿಎಲ್‌ಎಸ್ ಲೆವೆಲ್ ‘ಎನ್‌ಕ್ರಿಪ್ಟ್’. ಟಿಎಲ್‌ಎಸ್ ಬರದ ಹಳೆ ಸ್ಕ್ಯಾನರ್ ಮನಿ ಒಳಗಿನ 25ಕ್ಕ ಕೊಡ್ತದ, ಇದು 587ಕ್ಕ ಹೊರಗ ಹಾಕ್ತದ. ಒಳಗಿನ 25 ನಿಮ್ಮ ಲ್ಯಾನ್‌ಗೆ ಮಾತ್ರ ಬಿಡ್ರಿ, ಊರಿಗೆಲ್ಲ ತೆರದೀರಿ ಅಂದ್ರ ಒಂದೇ ದಿನದಾಗ ಸ್ಪ್ಯಾಮ್ ಛತ್ರ ಆಗ್ತದ.

ಮನೆಸರ್ವರ್_ಬಳ್ಳಾರಿ
ಮೇಲಿನವರು ತಾವು ಕೆಡಿಸಿಕೊಂಡದ್ದಕ್ಕೆ ಸ್ಟ್ಯಾಟಿಕ್ ಐಪಿಯನ್ನು ಬೈಯುವುದು ಬೇಡ. ಮನೆ ಪ್ಲಾನಿನ ಮೇಲೆ ಐಪಿ ತೆಗೆದುಕೊಂಡರೆ ಪಿಟಿಆರ್ ಯಾಕೆ ಕೊಡುತ್ತಾರೆ? ಆರ್ಡರ್ ಫಾರ್ಮ್‌ನಲ್ಲೇ ‘ರಿವರ್ಸ್ ಡಿಎನ್‌ಎಸ್ (ಪಿಟಿಆರ್) ಬೇಕು’ ಎಂದು ಬರೆಸಿ, ಆಮೇಲೆ ದುಡ್ಡು ಕಟ್ಟಬೇಕು. ಇಲ್ಲಿ ಹಾಗೆಯೇ ಆಗಿದೆ, ನಡೆಯುತ್ತಿದೆ. ಎಸ್‌ಪಿಎಫ್ (ನಿಮ್ಮ ಡೊಮೇನಿನಿಂದ ಯಾವ ಸರ್ವರ್ ಮೇಲ್ ಕಳಿಸಬಹುದು ಎನ್ನುವ ಪಟ್ಟಿ) ಡಿಎನ್‌ಎಸ್‌ನಲ್ಲಿ ಒಂದೇ ಟಿಎಕ್ಸ್‌ಟಿ ದಾಖಲೆ ಇರಬೇಕು. ಹೋಸ್ಟಿಂಗ್‌ನವರದ್ದು ಒಂದು, ನಿಮ್ಮದೊಂದು ಅಂತ ಎರಡಿದ್ದರೆ ಪರ್ಮ್‌ಎರರ್, ಎರಡೂ ಕೆಲಸಕ್ಕೆ ಬಾರವು. ಅದರೊಳಗೆ ಡಿಎನ್‌ಎಸ್ ಹುಡುಕಾಟ 10 ದಾಟಿದರೂ ಅದೇ ಗತಿ. ಡಿಕಿಮ್ (ಮೇಲಿಗೆ ಹಾಕುವ ಡಿಜಿಟಲ್ ಸಹಿ) ಕೀಲಿ 2048 ಬಿಟ್‌ನದು 255 ಅಕ್ಷರದ ಮಿತಿ ಮೀರುತ್ತದೆ, ಎರಡು ತುಂಡು ಮಾಡಿ ಪ್ರತಿ ತುಂಡಿಗೂ ಉದ್ಧರಣ ಚಿಹ್ನೆ ಹಾಕಬೇಕು. 2024ರ ಫೆಬ್ರುವರಿಯಿಂದ ಎಸ್‌ಪಿಎಫ್, ಡಿಕಿಮ್ ಇವೆರಡರಲ್ಲಿ ಒಂದಾದರೂ ಇಲ್ಲದ ಮೇಲ್ ಜಿಮೇಲ್‌ನಲ್ಲಿ ನಿಲ್ಲುವುದಿಲ್ಲ. ಕರೆಂಟು ಹೋದರೂ ಭಯವಿಲ್ಲ, ಪೋಸ್ಟ್‌ಫಿಕ್ಸ್ ಸಾಲಿನಲ್ಲಿರುವ ಮೇಲನ್ನು 5 ದಿನ ಇಟ್ಟುಕೊಂಡು ಮತ್ತೆ ಮತ್ತೆ ಯತ್ನಿಸುತ್ತದೆ.

ರಾಯಚೂರು_ರಿಲೇ
ಬಿಸಿನೆಸ್ ಪ್ಲಾನಿಗೆ ವರ್ಷಕ್ಕ ಎಷ್ಟು ಕಟ್ತೀರಿ ಅದನ್ನೂ ಬರೀರಿ ಸರ್. ಎಂಟು ಬಿಲ್ ಕಳಿಸೋಕ ಲಾರಿ ಕೊಳ್ಳೋದು ಯಾಕ?

ಮನೆಸರ್ವರ್_ಬಳ್ಳಾರಿ
ನನ್ನ ಲೆಕ್ಕ ನಿಮಗೆ ಯಾಕೆ? ಹುಳಿ ದ್ರಾಕ್ಷಿಯ ಮಾತು.

ಸಿಂಧನೂರು_ಟ್ಯಾಲಿ
ಜಗಳ ಇರಲಿ. ಟ್ಯಾಲಿಯಿಂದ (ಲೆಕ್ಕಪತ್ರದ ಸಾಫ್ಟ್‌ವೇರ್) ಜಿಮೇಲ್ ಮ್ಯಾಲ ಬಿಲ್ ಕಳಿಸೋರು ಇದನ್ನ ನೋಡ್ರಿ. ದಿನಾ ಲಾಗಿನ್ ಆಗೋ ಗೂಗಲ್ ಪಾಸ್‌ವರ್ಡೇ ನಡೆಯೋದು 2022ರ ಮೇ ಕಡೀಗೆ ಬಂದ್ ಆಗ್ಯದ. ಟೂ-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತಗೋಬೇಕು. ನಡುವಿನ ಖಾಲಿ ಜಾಗ ತೆಗದು ಹಾಕ್ರಿ. 534 ಬಂದ್ರ ಆ್ಯಪ್ ಪಾಸ್‌ವರ್ಡ್ ಕೇಳ್ಲಿಕತ್ಯದ ಅಂತ, 535 ಬಂದ್ರ ಹಾಕಿದ್ದು ತಪ್ಪು ಅಂತ. ಮನ್ಯಾಗ ಯಾರೋ ಗೂಗಲ್ ಪಾಸ್‌ವರ್ಡ್ ಬದಲಿಸಿದ್ರೂ ಆ್ಯಪ್ ಪಾಸ್‌ವರ್ಡೆಲ್ಲ ಹೋಗ್ತಾವ, ಟ್ಯಾಲಿ ಮರುದಿನದಿಂದ 535 ಹೇಳ್ತದ, ನಾವು ಟ್ಯಾಲಿ ಮಂದಿಗೆ ಬೈತೀವಿ.

ಪುಕ್ಕಟೆ ಖಾತೆಗೆ ದಿನಕ್ಕ 500 ಮಂದಿ. ಏಪ್ರಿಲ್ 1ಕ್ಕ 600 ಪಾರ್ಟಿಗೆ ಬಾಕಿ ಪಟ್ಟಿ ಒಮ್ಮೆಗೇ ಬಿಟ್ರ ಕಡೀ 100 ಮಂದಿಗೆ 550 5.4.5, ಮತ್ತ 24 ತಾಸಿನ ತನಕ ಎಲ್ಲಾ ಬಂದ್ ಆಗಬಹುದು. ದಿನಕ್ಕ 200ರಂಗ ಮೂರು ದಿನ ಹಾಕ್ರಿ. ಅಟ್ಯಾಚ್‌ಮೆಂಟಿಗೆ 25 ಎಂಬಿ ಅಂತಾರ, ಆದ್ರ ಅದರ ತುದಿ ತನಕ ಹೋಗಬ್ಯಾಡ್ರಿ. ಅಟ್ಯಾಚ್‌ಮೆಂಟು ಬೇಸ್64 ಆಗುವಾಗ ಮೂರರಲ್ಲೊಂದು ಪಾಲು ಉಬ್ಬತದ.

ಕುಷ್ಟಗಿ_ಡಿವಿಆರ್
ಎಲ್ರೂ 587 ಅಂತೀರಿ. ಟಿಎಲ್‌ಎಸ್ ಮೊದಲಿಂದಾನ ಬೇಕಂದ್ರ 465 ಹಾಕ್ರಿ, ಸಿಸಿಟಿವಿ ಡಿವಿಆರ್‌ಗೆ ಅದೇ ಸರಿ ಐತಿ.

ಕೌಲ್‌ಬಜಾರ್_ಕೇಬಲ್
465 ಸತ್ತ ಪೋರ್ಟು ಅಣ್ಣ. ಎಂದೋ ರದ್ದು ಮಾಡ್ಯಾರೆ.

ಕುಷ್ಟಗಿ_ಡಿವಿಆರ್
2018ರಾಗ ಆರ್‌ಎಫ್‌ಸಿ 8314 (ಇಂಟರ್ನೆಟ್ ನಿಯಮದ ದಾಖಲೆ) ಅದನ್ನ ಮತ್ತ ಎಬ್ಬಿಸೈತಿ, ಓದ್ರಿ. 465 ಮೊದಲ ಮಾತಿನಿಂದಾನ ಗುಟ್ಟು, 587 ಬಯಲಾಗ ಮಾತು ಚಾಲೂ ಮಾಡಿ ಸ್ಟಾರ್ಟ್‌ಟಿಎಲ್‌ಎಸ್ ಅಂತ ಆಮ್ಯಾಲ ಬಾಗಲಾ ಹಾಕ್ಕೋತೈತಿ. ಡಬ್ಬಿಯಾಗ ‘ಎಸ್‌ಎಸ್‌ಎಲ್’ (ಮೊದಲಿಂದ ಗುಟ್ಟು) ಆರಿಸಿ 587 ಹಾಕಿದ್ರ ಎರರ್, ‘ಟಿಎಲ್‌ಎಸ್’ (ಸ್ಟಾರ್ಟ್‌ಟಿಎಲ್‌ಎಸ್) ಆರಿಸಿ 465 ಹಾಕಿದ್ರ ಎರಡೂ ಕಡೆ ಸುಮ್ಮನ ಕುಂತು ಟೈಮ್‌ಔಟ್. ಡಿವಿಆರ್‌ನ್ಯಾಗ ಇನ್ನೊಂದು: ಕರೆಂಟು ಹೋಗಿ ಬಂದಾಗ ತಾರೀಖು 2000ನೇ ಇಸವಿಗೆ ಹೋಗಿದ್ರ ಸರ್ಟಿಫಿಕೇಟ್ ‘ಇನ್ನೂ ಹುಟ್ಟಿಲ್ಲ’ ಅಂತ ತಿಳಕೋತೈತಿ, ಮೇಲ್ ಹೋಗಲ್ಲ. ಬೋರ್ಡಿನ ಬಟನ್ ಸೆಲ್ ಬದಲಿಸಿ, ಎನ್‌ಟಿಪಿ (ನೆಟ್‌ನಿಂದ ಗಡಿಯಾರ ಸರಿ ಮಾಡ್ಕೊಳ್ಳೋದು) ಆನ್ ಮಾಡ್ರಿ.

ಕೌಲ್‌ಬಜಾರ್_ಕೇಬಲ್
ಆಯ್ತು, 2018 ಒಪ್ಪಿದೆ. ಆದ್ರೆ ಕೇಳಿದವರು ಡಿವಿಆರ್ ಬಗ್ಗೆ ಕೇಳಿಲ್ಲ.

ಗಂಗಾವತಿ_ಸೋನಾ
587 ಹಾಕಿ ಟಿಕ್ ಮಾಡಿದೆ, ಬರೇ ಅಕ್ಷರದ ಮೇಲ್ ಹೋದವು. 4 ಎಂಬಿ ಪಿಡಿಎಫ್ ಹಚ್ಚಿದ್ರ ಕಳಿಸೋ ಪ್ರೋಗ್ರೆಸ್ ಪಟ್ಟಿ ಅರ್ಧಕ್ಕ ನಿಂತು ಎರರ್ ಬರ್ತೈತಿ. ಹಾಟ್‌ಸ್ಪಾಟ್‌ನ್ಯಾಗ ಅದೇ ಪಿಡಿಎಫ್ ಹೋಗ್ತೈತಿ.

ಮನೆಸರ್ವರ್_ಬಳ್ಳಾರಿ
ಹೋಸ್ಟಿಂಗ್‌ನ ಮಿತಿ ಇರಬೇಕು. ಸ್ವಂತ ಸರ್ವರ್ ಆಗಿದ್ದರೆ ಈ ತೊಂದರೆಯೇ ಇಲ್ಲ.

ರಾಯಚೂರು_ರಿಲೇ
ಹಾಟ್‌ಸ್ಪಾಟ್‌ನ್ಯಾಗ ಹೋಗ್ಯದ ಅಂತ ಬರದಾರ, ಹೋಸ್ಟಿಂಗ್ ಮಿತಿ ಹೆಂಗಾಗ್ತದ ಸರ್? ಇದು ಎಂಟಿಯು, ಅಂದ್ರ ಒಂದು ಪ್ಯಾಕೆಟ್ ಎಷ್ಟು ಬೈಟ್ ಇರಬಹುದು ಅನ್ನೋ ಮಿತಿ. ಪಿಪಿಪಿಒಇ (ಯೂಸರ್‌ನೇಮ್ ಹಾಕಿ ಹತ್ತೋ) ಲೈನಿಗೆ 8 ಬೈಟ್ ಸುಂಕ, 1500 ಹೋಗಿ 1492. ಮಾತುಕತೆಯ ಸಣ್ಣ ಪ್ಯಾಕೆಟ್ ದಾಟ್ತಾವ, ಅಟ್ಯಾಚ್‌ಮೆಂಟಿನ ತುಂಬಿದ ಪ್ಯಾಕೆಟ್ ಬಿದ್ದು ಹೋಗ್ತಾವ, ‘ಸಣ್ಣದು ಮಾಡು’ ಅನ್ನೋ ಐಸಿಎಂಪಿ ಚೀಟಿನ ನಡುವಿನ ಫೈರ್‌ವಾಲ್ ನುಂಗತದ. ಪಿಂಗ್‌ಗೆ ಮೈನಸ್ ಎಫ್, ಮೈನಸ್ ಎಲ್ 1464 ಕೊಡ್ರಿ. 1464ಕ್ಕ ಹೆಡರಿನ 28 ಕೂಡಿಸಿದ್ರ 1492. ಉತ್ತರ ಬರದಿದ್ರ ಎರಡೆರಡು ಇಳಿಸ್ಕೋತ ಹೋಗ್ರಿ. ಎಲ್ಲಿ ದಾಟ್ತದ ಅದಕ್ಕ 28 ಕೂಡಿಸಿ ರೂಟರಿನ ವ್ಯಾನ್ ಎಂಟಿಯು ಹಾಕ್ರಿ. ಎಂಎಸ್‌ಎಸ್ (ಪ್ಯಾಕೆಟಿನೊಳಗಿನ ಡೇಟಾದ ಮಿತಿ) ಅದಕಿಂತ 40 ಕಮ್ಮಿ, 1492ಕ್ಕ 1452. ಔಟ್‌ಲುಕ್ ಅಡ್ವಾನ್ಸ್ಡ್‌ನ್ಯಾಗ ಸರ್ವರ್ ಟೈಮ್‌ಔಟ್ 1 ನಿಮಿಷ ಇದ್ದದ್ದು 5ಕ್ಕ ಎಳೀರಿ. ಆ್ಯಂಟಿವೈರಸ್‌ನ ‘ಮೇಲ್ ಶೀಲ್ಡ್’ ಇದ್ರ ಒಂದ್ಸಲ ಆಫ್ ಮಾಡಿ ನೋಡ್ರಿ, ಅದೂ ನಡುವ ಕುಂತು ಟಿಎಲ್‌ಎಸ್ ಬಿಚ್ಚಿ ನೋಡ್ತದ.

ಗಂಗಾವತಿ_ಸೋನಾ
1464 ದಾಟಲಿಲ್ಲ, 1452ಕ್ಕ ದಾಟಿತು. ರೂಟರ್‌ನ್ಯಾಗ 1500 ಇತ್ತು, 1480 ಹಾಕಿದೆ, ಎಂಎಸ್‌ಎಸ್ 1440. 4 ಎಂಬಿ ಹೋತು. ಔಟ್‌ಬಾಕ್ಸ್ ಖಾಲಿ.

ಮನೆಸರ್ವರ್_ಬಳ್ಳಾರಿ
1480 ಎಂದರೆ ಪಿಪಿಪಿಒಇ ಮಾತ್ರ ಅಲ್ಲ, ನಡುವೆ ಇನ್ನೊಂದು ಟನಲ್ ಇರಬಹುದು. ರಿಲೇಯವರು ಹೇಳಿದ ಕಾರಣ ಪೂರ್ತಿ ಅಲ್ಲ.

ರಾಯಚೂರು_ರಿಲೇ
ಮೇಲ್ ಹೋತಲ್ರೀ!